ಹಿಮಪಾತವೂ ಹಿಮಕುಸಿತವೂ
(ರೇಡಿಯೋ ಭಾಷಣ)



ನಮ್ಮ ಶಿವಮೊಗ್ಗ ತಾಲ್ಲೂಕಿನ ಹೊಳಲೂರು ತುಂಗಭದ್ರೆಯ ನೆರೆಯ ಊರು. ಧನುರ್ಮಾಸದ ಬೆಳಗಿನಲ್ಲಿ ಅಲ್ಲಿ ಹೊಳೆಯ ಮೇಲೂ ಗದ್ದೆಯ ಬಯಲಿನ ಮೇಲೂ ಬೆಳ್ಳಗೆ ಹಾಸಿಕೊಂಡಿರುವುದಕ್ಕೆ ಜನ ಮಂಜು ಎನ್ನುತ್ತಾರೆ. ಅದೇ ಹುಲ್ಲಿನ ತುದಿಯಲ್ಲಿ ಹನಿಯಾಗಿ ನಿಂತರೆ ಇಬ್ಬನಿ; ಎದುರಿನ ದಾರಿಯೇ ಕಾಣದಷ್ಟು ದಟ್ಟವಾಗಿ ಕವಿದರೆ ಕಾವಳ; ಬೇಸಿಗೆಯ ಗುಡುಗು ಮಳೆಯೊಡನೆ ಕಲ್ಲಾಗಿ ಬಿದ್ದರೆ ಆಲಿಕಲ್ಲು. ಇನ್ನು ಮಳೆಯ ಹೆಸರುಗಳನ್ನು ಎಣಿಸತೊಡಗಿದರೆ ನನಗೆ ಕೊಟ್ಟಿರುವ ವೇಳೆಯೆಲ್ಲ ಅದಕ್ಕೇ ಮುಗಿದೀತು. ಆರಿದ್ರೆಯ ಮಳೆ ಬೇರೆ, ಪುಷ್ಯದ ಮಳೆ ಬೇರೆ. ಸೋನೆಯೇ ಬೇರೆ, ಜಡಿಯೇ ಬೇರೆ. ಯಾವ ಮಳೆಗೆ ಸಸಿ ನೆಡಬೇಕು, ಯಾವ ಮಳೆಗೆ ಹೊಳೆ ದಾಟಬಾರದು ಎಂಬ ವಿವೇಕವೆಲ್ಲ ಆ ಹೆಸರುಗಳೊಳಗೇ ಅಡಗಿದೆ. ಒಂದು ಉಪಕಾರವಾಗಲಿ ಒಂದು ಅಪಾಯವಾಗಲಿ ನಿತ್ಯದ್ದಾದ ಕಡೆ ಭಾಷೆ ಅದಕ್ಕೆ ಹೆಸರಿಡುತ್ತದೆ. ಹೆಸರಿಟ್ಟ ಮೇಲೆ ಮಕ್ಕಳಿಗೆ ಎಚ್ಚರಿಕೆ ಹೇಳುವುದು ಸುಲಭವಾಗುತ್ತದೆ.

ಹಿಮಾಲಯದಲ್ಲಿ ಹತ್ತಿಯ ಎಳೆಯಂತೆ ಬಿದ್ದು, ತಿಂಗಳುಗಟ್ಟಲೆ ನೆಲವನ್ನು ಮುಚ್ಚಿ ಕೂರುವ ವಸ್ತುವಿಗೆ ನಮ್ಮಲ್ಲಿ ಇರುವುದು ಹಿಮ ಎಂಬ ಒಂದೇ ಮಾತು. ಅದನ್ನೂ ಸಂಸ್ಕೃತದಿಂದ ತಂದುಕೊಂಡಿದ್ದೇವೆ. ಹಿಮ ನಮ್ಮ ನೆಲದ ಅನುಭವವಲ್ಲವಾದ್ದರಿಂದ ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ತೊಡಕು ಬಂದಿರುವುದು ಇನ್ನೊಂದು ಕಡೆಯಿಂದ. ಆಕಾಶದಿಂದ ಹಿಮ ಬಿದ್ದರೆ ನಮ್ಮ ಪತ್ರಿಕೆಗಳು ಹಿಮಪಾತ ಎಂದು ಬರೆಯುತ್ತವೆ. ಬಿದ್ದ ಹಿಮ ಬೆಟ್ಟದ ಮೈಯಿಂದ ಕಳಚಿ, ಹಳ್ಳಿಯನ್ನೋ ಮನುಷ್ಯರನ್ನೋ ಹೂತುಹಾಕಿದರೆ, ಆಗಲೂ ಎಷ್ಟೋ ಸಲ ಹಿಮಪಾತ ಎಂದೇ ಬರೆಯುತ್ತವೆ. ಮಳೆಗೂ ಗುಡ್ಡಕುಸಿತಕ್ಕೂ ಒಂದೇ ಹೆಸರಿಟ್ಟರೆ ಹೇಗಿರುತ್ತದೆಯೋ ಹಾಗೆ ಇದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂದು ಕುಳಿತಾಗ, ಅದನ್ನು ಯಾರೂ ‘ಮಳೆ ಬಿತ್ತು’ ಎಂದು ಹೇಳಿ ಮುಗಿಸಲಿಲ್ಲ. ಹಿಮದ ವಿಷಯದಲ್ಲೂ ನಾವು ಈ ಅಂತರವನ್ನು ಕಾಣಬೇಕಾದ ಕಾಲ ಬಂದಿದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ತಿರುಳು.

ಯಾಕೆ ಬಂದಿದೆ ಎಂದರೆ, ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ. ಕೆಲವರು ಕರ್ತವ್ಯದ ಮೇಲೆ, ಕೆಲವರು ಒಲವಿನಿಂದ. ಮೂರು ನಿದರ್ಶನಗಳನ್ನು ನೆನೆಯೋಣ.

ಮೊದಲನೆಯದು 2016ರ ಫೆಬ್ರವರಿ 3ರದು. ಸಿಯಾಚಿನ್ ನೀರ್ಗಲ್ಲ ನದಿಯ ಮೇಲೆ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯಲ್ಲಿ ಮದ್ರಾಸ್ ರೆಜಿಮೆಂಟಿನ 10 ಮಂದಿ ಯೋಧರು ಕಾವಲಿದ್ದರು. ಹೆಪ್ಪುಗಟ್ಟಿದ ಗೋಡೆಯೊಂದು ಕುಸಿದು ಇಡೀ ಠಾಣೆ ಅದರಡಿಗೆ ಸೇರಿತು. ಅವರಲ್ಲಿ ಮೂವರು ನಮ್ಮವರು: ಹಾಸನದ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಕಾಂಕ್ರೀಟಿನಂತೆ ಗಟ್ಟಿಯಾಗಿದ್ದ ರಾಶಿಯನ್ನು ಯಂತ್ರಗಳಿಂದ ಕೊರೆಯುತ್ತ, ನಾಯಿಗಳ ಮೂಗನ್ನು ನಂಬುತ್ತ ರಕ್ಷಣಾ ತಂಡ ಹುಡುಕಿತು. ಆರನೆಯ ದಿನ, ಫೆಬ್ರವರಿ 8ರಂದು, ಸುಮಾರು 25 ಅಡಿಗಿಂತಲೂ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ದೊರೆತರು. ನಾಡಿಗೆ ನಾಡೇ ಪ್ರಾರ್ಥಿಸಿತು. 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿಯೂ ಮರಳಲಿಲ್ಲ.

ಎರಡನೆಯದು 2022ರ ಅಕ್ಟೋಬರ್ 4ರದು. ಉತ್ತರಕಾಶಿಯಲ್ಲಿ 1965ರಿಂದ ನಡೆದುಬಂದಿರುವ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳು ‘ದ್ರೌಪದಿ ಕಾ ದಂಡಾ’ ಎಂಬ ಶಿಖರದ ಮೇಲಿದ್ದಾಗ ಹಿಮದ ಹಾಸು ಕಳಚಿ ಅವರನ್ನು ಬಿರುಕೊಂದರೊಳಗೆ ತಳ್ಳಿತು. ಒಟ್ಟು 29 ಮಂದಿ ಹೋದರು. ಕರ್ನಾಟಕದ ತರುಣರೂ ಅವರಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ಸವಿತಾ ಕಂಸ್ವಾಲ್ ಅಲ್ಲಿ ಶಿಕ್ಷಕಿಯಾಗಿದ್ದರು. ಅವರೂ ಉಳಿಯಲಿಲ್ಲ.

ಮೂರನೆಯದು 2024ರ ಜೂನ್ ಮೊದಲ ವಾರದ್ದು. ಉತ್ತರಾಖಂಡದ ಸಹಸ್ರತಾಲಕ್ಕೆ ಚಾರಣ ಹೊರಟಿದ್ದ ಕರ್ನಾಟಕದ ತಂಡವು ಬಿರುಗಾಳಿ, ಹಿಮ, ಕೊರೆತಗಳ ನಡುವೆ ಸಿಕ್ಕಿಬಿದ್ದು 9 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಬೆಟ್ಟ ಕುಸಿಯಲಿಲ್ಲ. ಗಾಳಿಯೂ ಚಳಿಯೂ ಸೇರಿ ಮೈಯ ಬಿಸಿಯನ್ನು ಕಸಿದುಕೊಂಡವು, ದಾರಿ ಕಣ್ಮರೆಯಾಯಿತು.

ಮೂರನ್ನೂ ‘ಹಿಮಪಾತದ ದುರಂತ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಆದರೆ ಮೊದಲನೆಯದರಲ್ಲಿ ಕೊಂದದ್ದು ನೀರ್ಗಲ್ಲಿನ ಕುಸಿತ, ಎರಡನೆಯದರಲ್ಲಿ ಹಿಮದ ಕುಸಿತ, ಮೂರನೆಯದರಲ್ಲಿ ಹಿಮಗಾಳಿ. ಮೂರಕ್ಕೂ ಕಾರಣ ಬೇರೆ, ಮುನ್ಸೂಚನೆ ಬೇರೆ, ತಪ್ಪಿಸಿಕೊಳ್ಳುವ ಉಪಾಯ ಬೇರೆ. ಇವುಗಳಲ್ಲಿ ನಡುವಿನದು, ಎಂದರೆ ಹಿಮಕುಸಿತ, ಚಳಿಗಾಲದಲ್ಲಿ ಬೆಟ್ಟ ಹತ್ತುವವರಿಗೆ ಅತ್ಯಂತ ಕಪಟಿಯಾದ ಶತ್ರು. ಆದ್ದರಿಂದ ಅದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಹಿಮಾಲಯವನ್ನು ನಾವು ಮೊದಲು ಕಂಡದ್ದು ಕಾವ್ಯದಲ್ಲಿ. ಕಾಳಿದಾಸನ ಕುಮಾರಸಂಭವ ಆ ಪರ್ವತದ ವರ್ಣನೆಯಿಂದಲೇ ತೊಡಗುತ್ತದೆ. ಮಹಾಪ್ರಸ್ಥಾನದ ಕಥೆಯಲ್ಲಿ ದ್ರೌಪದಿಯೂ ನಾಲ್ವರು ಪಾಂಡವರೂ ಆ ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುತ್ತಾರೆ, ಒಂದೊಂದು ಬೀಳಿಗೂ ಧರ್ಮರಾಯ ಒಂದೊಂದು ದೋಷವನ್ನು ಕಾರಣವಾಗಿ ಹೇಳುತ್ತಾನೆ. ಕಾವ್ಯಕ್ಕೆ ಅದು ಒಪ್ಪುತ್ತದೆ. ಆದರೆ ಬೆಟ್ಟದ ಮೇಲಿನ ಹಿಮ ಯಾರ ದೋಷವನ್ನೂ ಲೆಕ್ಕ ಹಾಕುವುದಿಲ್ಲ. ಅದಕ್ಕೆ ಮುನಿಸೂ ಇಲ್ಲ, ಕರುಣೆಯೂ ಇಲ್ಲ. ಇರುವುದು ತೂಕ, ಇಳಿಜಾರು, ಪದರಗಳು ಮತ್ತು ಉಷ್ಣತೆ. ‘ಪ್ರಕೃತಿಯ ಮುನಿಸು’ ಎಂದು ನಿಟ್ಟುಸಿರಿಡುವಾಗ ನಾವು ಈ ನಾಲ್ಕನ್ನೂ ಮರೆತುಬಿಡುತ್ತೇವೆ.

ಹೊಳಲೂರಿನ ಸುತ್ತಿನ ಭತ್ತದ ಕಣಕ್ಕೆ ಒಮ್ಮೆ ಹೋಗೋಣ. ತೂರಿದ ಭತ್ತವನ್ನು ರಾಶಿ ಮಾಡುತ್ತ ಬಂದರೆ ಒಂದು ಹಂತದವರೆಗೆ ರಾಶಿ ಎತ್ತರವಾಗುತ್ತದೆ. ಆಮೇಲೆ ಎಷ್ಟು ಸುರಿದರೂ ಕಾಳು ಬದಿಯಿಂದ ಜಾರಿ ಬುಡಕ್ಕೆ ಬರುತ್ತದೆ. ಸಡಿಲವಾದ ಹೊಸ ಹಿಮ ಜಾರುವುದು ಹೀಗೆಯೇ. ಒಂದು ಬಿಂದುವಿನಲ್ಲಿ ತೊಡಗಿ, ಕೆಳಕ್ಕೆ ಬರುತ್ತ ಅಗಲವಾಗುತ್ತದೆ. ಇದೂ ಅಪಾಯವೇ. ಆದರೆ ಚಾರಣಿಗರ ಪ್ರಾಣವನ್ನು ಹೆಚ್ಚಾಗಿ ತೆಗೆಯುವುದು ಇನ್ನೊಂದು ಬಗೆ.

ಮೇಜಿನ ಮೇಲೆ ಒಂದು ಹಿಡಿ ಸಾಸಿವೆ ಹರಡಿರಿ. ಅದರ ಮೇಲೆ ಒಂದು ಹಲಗೆಯನ್ನು ಇಡಿರಿ. ಮೇಜನ್ನು ಮೆಲ್ಲಗೆ ಓರೆ ಮಾಡಿರಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಹಲಗೆ ಭದ್ರವಾಗಿಯೇ ಕುಳಿತಿದೆ ಎಂದು ತೋರುತ್ತದೆ. ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಹಲಗೆ ಇಡಿಯಾಗಿ ಜಾರುತ್ತದೆ. ಹಿಮಾಲಯದ ಇಳಿಜಾರಿನಲ್ಲಿ ಆ ಹಲಗೆ ಎಂದರೆ ಗಾಳಿ ಒತ್ತಿ ಗಟ್ಟಿ ಮಾಡಿದ ಮೇಲಿನ ಹಿಮದ ಪದರ; ಆ ಸಾಸಿವೆ ಎಂದರೆ ಅದರಡಿಯಲ್ಲಿ ಹೂತಿರುವ, ಒಂದಕ್ಕೊಂದು ಅಂಟಿಕೊಳ್ಳದ ದುರ್ಬಲ ಪದರ; ಆ ಬೆರಳು, ಬಹಳ ಸಲ, ನಡೆದುಹೋಗುವ ಮನುಷ್ಯನ ಕಾಲು. ಹಿಮಕುಸಿತಕ್ಕೆ ಸಿಕ್ಕ ಚಾರಣಿಗರ ವೃತ್ತಾಂತಗಳನ್ನು ಪರಿಶೀಲಿಸಿದವರು ಒಂದು ವಿಷಯವನ್ನು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ: ಹತ್ತರಲ್ಲಿ ಸುಮಾರು ಒಂಬತ್ತು ಸಲ ಆ ಕುಸಿತವನ್ನು ಎಬ್ಬಿಸಿದವರು ಸಿಕ್ಕವರೇ, ಇಲ್ಲವೆ ಅವರ ಜೊತೆಗಾರರೇ. ಇದು ಕಹಿಯಾದ ಮಾತು. ಆದರೆ ಇದರಲ್ಲೊಂದು ಆಶೆಯೂ ಉಂಟು. ನಾವು ಎಬ್ಬಿಸುವುದಾದರೆ, ಎಬ್ಬಿಸದೆ ಇರುವುದೂ ನಮ್ಮ ಕೈಯಲ್ಲೇ ಇದೆಯಲ್ಲವೆ?

ಆ ಸಾಸಿವೆಯ ಪದರ ಹುಟ್ಟುವ ಬಗೆ ವಿಚಿತ್ರವಾದದ್ದು. ಹಿಮದ ಬುಡದಲ್ಲಿ ನೆಲಕ್ಕೆ ತುಸು ಬಿಸಿಯಿರುತ್ತದೆ. ಅಲ್ಲಿಯ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೇಲ್ಮೈ ಮಾತ್ರ ನಿರಭ್ರವಾದ ರಾತ್ರಿಗಳಲ್ಲಿ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಣ್ಣಗಾಗುತ್ತದೆ. ಈ ಅಂತರದಿಂದಾಗಿ ಬುಡದ ಆವಿ ಮೇಲಕ್ಕೆ ಸಾಗುತ್ತ, ಹಿಮದ ಕಣಗಳನ್ನು ಸಕ್ಕರೆಯ ಹರಳಿನಂತೆ ಮೂಲೆ ಮೂಲೆಯಾಗಿ ಬೆಳೆಸುತ್ತದೆ. ಸಕ್ಕರೆಯನ್ನು ಅಂಗೈಯಲ್ಲಿ ಹಿಸುಕಿದರೆ ಉಂಡೆಯಾಗುವುದೆ? ಆ ಹಿಮವೂ ಆಗುವುದಿಲ್ಲ. ಹಿಮದ ಹೊದಿಕೆ ತೆಳುವಾದಷ್ಟೂ, ಚಳಿ ಹೆಚ್ಚಾದಷ್ಟೂ ಈ ಹರಳು ಬೇಗ ಬೆಳೆಯುತ್ತದೆ. ‘ಈ ವರ್ಷ ಹಿಮ ಕಡಿಮೆ, ಆದ್ದರಿಂದ ಭಯವಿಲ್ಲ’ ಎಂಬ ಮಾತು ಹಾಗಾಗಿ ಸುಳ್ಳು. ಡಿಸೆಂಬರಿನ ತೆಳು ಹಿಮ ಹರಳಾಗಿ ಕಾದಿರುತ್ತದೆ. ಜನವರಿಯ ದೊಡ್ಡ ಹಿಮ ಅದರ ಮೇಲೆ ಹಲಗೆಯಾಗಿ ಬಂದು ಕೂರುತ್ತದೆ. ಹಳೆಯ ಹವೆಯನ್ನೆಲ್ಲ ಹಿಮ ತನ್ನ ಪದರಗಳಲ್ಲಿ ನೆನಪಿಟ್ಟುಕೊಂಡಿರುತ್ತದೆ. ನಾವು ನೋಡುವುದು ಮೇಲಿನ ಬಿಳುಪನ್ನು ಮಾತ್ರ.

ಆ ಹಲಗೆಯ ತೂಕವನ್ನು ನಮ್ಮ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. 50 ಮೀಟರ್ ಉದ್ದ, 50 ಮೀಟರ್ ಅಗಲವೆಂದರೆ ಸುಮಾರು 25 ಗುಂಟೆ. ಅಷ್ಟು ಜಾಗದಲ್ಲಿ ಮೊಣಕಾಲುದ್ದ, ಎಂದರೆ ಅರ್ಧ ಮೀಟರ್ ದಪ್ಪದ ಹಿಮವಿದೆಯೆನ್ನಿ. ಘನ ಮೀಟರಿಗೆ 200 ಕಿಲೋ ಎಂದು ಹಿಡಿದರೂ ಅದು 250 ಟನ್ ಆಯಿತು. ಹತ್ತು ಟನ್ನಿನ ಲಾರಿಗಳು ಇಪ್ಪತ್ತೈದು ತುಂಬುವಷ್ಟು. 25 ಗುಂಟೆ ಹಿಮಾಲಯದಲ್ಲಿ ತೀರ ಚಿಕ್ಕ ತುಂಡು. ಅಂಥದೊಂದು ತುಂಡು ಕೆಲವೇ ಕ್ಷಣಗಳಲ್ಲಿ ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗವನ್ನು ಪಡೆಯಬಲ್ಲದು. ಓಡಿ ತಪ್ಪಿಸಿಕೊಳ್ಳುವ ಮಾತು ಸಿನಿಮಾದ್ದು.

ಹಾಗಾದರೆ ಎಲ್ಲ ಇಳಿಜಾರೂ ಅಪಾಯವೆ? ಅಲ್ಲ. ತೀರ ಸಪಾಟಾದಲ್ಲಿ ಹಿಮ ಜಾರುವುದಿಲ್ಲ. ತೀರ ಕಡಿದಾದಲ್ಲಿ ಹಿಮ ನಿಲ್ಲುವುದೇ ಇಲ್ಲ. ಹಲಗೆಯಂತೆ ಕಳಚುವ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿಯ ಓರೆಯಲ್ಲಿ ಆಗುತ್ತವೆ. ನಮ್ಮ ಮಲೆನಾಡಿನ ಹೆಂಚಿನ ಮನೆಯ ಮಾಡನ್ನು ನೆನೆಯಿರಿ. ಹೆಚ್ಚು ಕಡಿಮೆ ಅಂಥ ಓರೆ. ನಡೆಯಲು ಸಾಧ್ಯವೆನಿಸುವ, ನೋಡಲು ಸೊಗಸಾದ, ಮೇಲಿನಿಂದ ಜಾರಿ ಆಡೋಣವೆನಿಸುವ ಇಳಿಜಾರು ಅದೇ. ಮತ್ತೊಂದು ಮಾತು: ನಾವು ನಿಂತ ನೆಲ ಸಪಾಟಾಗಿದ್ದರೂ, ತಲೆಯ ಮೇಲೆ ಅಂಥ ಓರೆಯಿದ್ದರೆ ನಾವು ಅದರ ದಾರಿಯಲ್ಲೇ ಇದ್ದೇವೆ ಎಂದು ತಿಳಿಯಬೇಕು. ಡೇರೆ ಹಾಕಲು ಸಪಾಟು ಜಾಗ ಸಿಕ್ಕಿತೆಂದು ಸಂತೋಷಪಡುವ ಮುಂಚೆ ಕತ್ತೆತ್ತಿ ನೋಡಬೇಕು.

ಇನ್ನು ಹವೆಯ ಮಾತು. ನಮ್ಮ ಮಳೆ ಅರಬ್ಬೀ ಸಮುದ್ರದಿಂದ ಬರುತ್ತದೆ. ಹಿಮಾಲಯದ ಚಳಿಗಾಲದ ಹಿಮ ಬಹುಮಟ್ಟಿಗೆ ಪಶ್ಚಿಮದಿಂದ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿಬರುವ ಹವಾಕ್ಷೋಭೆಗಳಿಂದ ಬೀಳುತ್ತದೆ. ಒಂದು ದಿನದೊಳಗೆ ಒಂದಡಿ ಹೊಸ ಹಿಮ ಬಿದ್ದು, ಜೊತೆಗೆ ಗಾಳಿಯೂ ಬೀಸಿತೆಂದರೆ ಅಪಾಯ ಥಟ್ಟನೆ ಏರುತ್ತದೆ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಗಾಳಿಯ ಮರೆಯ ಆ ಮಗ್ಗುಲೇ, ಬೆಚ್ಚಗಿದೆಯೆಂದು ನಾವು ಹುಡುಕಿ ಹೋಗುವ ಜಾಗ. ಮಧ್ಯಾಹ್ನದ ಬಿಸಿಲು, ಅಕಾಲದ ಮಳೆ, ದಿಢೀರನೆ ಏರಿದ ಉಷ್ಣತೆ ಇವೂ ಹಿಮದ ಹಿಡಿತವನ್ನು ಸಡಿಲಿಸುತ್ತವೆ. ವಸಂತದಲ್ಲಿ ಬೆಟ್ಟದವರು ನಸುಕಿಗೇ ಹೊರಟು ಬಿಸಿಲೇರುವ ಮುನ್ನ ಇಳಿಜಾರನ್ನು ದಾಟಿಬಿಡುವುದು ಇದಕ್ಕಾಗಿಯೇ. ಮಳೆ ನಿಂತ ತಕ್ಷಣ ಹೊಳೆಗೆ ಇಳಿಯಬಾರದೆಂಬುದು ನಮ್ಮ ಹಿರಿಯರ ಬುದ್ಧಿ. ಹಿಮ ನಿಂತ ಮೇಲೂ ಒಂದೆರಡು ದಿನ ಕಾಯಬೇಕೆಂಬುದು ಅವರ ಬುದ್ಧಿ.

ಹಿಮ ಕೆಲವು ಸಲ ಬಾಯಿಬಿಟ್ಟು ಹೇಳುತ್ತದೆ. ಎದುರಿನ ಬೆಟ್ಟದ ಮೈಯಲ್ಲಿ ಹೊಸದಾಗಿ ಕಳಚಿದ ಗುರುತು ಕಂಡರೆ ಅದು ಮೊದಲನೆಯ ಮಾತು. ಹೆಜ್ಜೆಯಿಟ್ಟಾಗ ಕಾಲಡಿಯಲ್ಲಿ ‘ಧುಮ್’ ಎಂದು ಟೊಳ್ಳು ಸದ್ದಾಗಿ ನೆಲ ತುಸು ಕುಗ್ಗಿದಂತಾದರೆ, ಸಾಸಿವೆಯ ಪದರ ಅಲ್ಲೇ ಕುಸಿಯಿತೆಂದು ಅರ್ಥ. ಅದು ಎರಡನೆಯ ಮಾತು. ಹೆಜ್ಜೆಯ ಮುಂದೆ ಹಿಮದಲ್ಲಿ ಬಿರುಕು ಮಿಂಚಿನಂತೆ ಓಡಿದರೆ ಅದು ಮೂರನೆಯದು. ಮೂರರಲ್ಲಿ ಯಾವುದೇ ಒಂದು ಕೇಳಿಸಿದರೂ ಕಡಿದಾದ ಇಳಿಜಾರನ್ನು ಬಿಟ್ಟು, ಬಂದ ಹೆಜ್ಜೆಯ ಮೇಲೆಯೇ ಹಿಂದಿರುಗುವುದು ವಿವೇಕ.

ಹೂತುಹೋದವರಿಗೆ ಕಾಲ ಬಹಳ ಕಡಿಮೆ. ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ತೆಗೆದವರಲ್ಲಿ ಬಹುಪಾಲು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಮೀರುವ ಹೊತ್ತಿಗೆ ಮೂವರಲ್ಲಿ ಒಬ್ಬರು ಉಳಿದರೆ ಪುಣ್ಯ. ಕೊಲ್ಲುವುದು ಮುಖ್ಯವಾಗಿ ಚಳಿಯಲ್ಲ, ಉಸಿರಿನ ಅಭಾವ. ಹನುಮಂತಪ್ಪ ಆರು ದಿನ ಬದುಕಿದ್ದು ಸುತ್ತ ಗಾಳಿಯ ಕಿರಿದಾದ ಪೊಳ್ಳೊಂದು ಉಳಿದಿದ್ದರಿಂದ ಎಂದು ಭಾವಿಸಲಾಯಿತು. ಅದು ಅಪವಾದಗಳಲ್ಲೂ ಅಪವಾದ. ಅದನ್ನು ನಂಬಿ ಯಾರೂ ಬೆಟ್ಟ ಹತ್ತಲಾಗದು. ಹೆಲಿಕಾಪ್ಟರು ಬರುವ ಹೊತ್ತಿಗೆ ಈ ಕಾಲ ಮುಗಿದಿರುತ್ತದೆ. ಉಳಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರು ಮಾತ್ರ. ಅದಕ್ಕಾಗಿಯೇ ಹಿಮದಲ್ಲಿ ನಡೆಯುವವರು ಮೂರು ವಸ್ತುಗಳನ್ನು ಮೈಮೇಲೆ ಇಟ್ಟುಕೊಳ್ಳುತ್ತಾರೆ: ಹೂತವರಿರುವ ಜಾಗವನ್ನು ತೋರಿಸುವ ಪುಟ್ಟ ರೇಡಿಯೋ ಪ್ರೇಷಕ, ಆಳವನ್ನು ಚುಚ್ಚಿ ನೋಡುವ ಮಡಚು ಕೋಲು, ಅಗೆಯುವ ಸಲಿಕೆ. ಒಬ್ಬನಲ್ಲಿ ಇದ್ದರೆ ಸಾಲದು, ಎಲ್ಲರಲ್ಲಿಯೂ ಇರಬೇಕು. ಇದ್ದರೆ ಸಾಲದು, ಬಳಸುವ ಅಭ್ಯಾಸವಿರಬೇಕು. ಅನುಮಾನದ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತವಾದ ಎಡೆಯಲ್ಲಿ ನಿಂತು ಕಣ್ಣಿಟ್ಟು ನೋಡುತ್ತಿರಬೇಕು. ಎಲ್ಲರೂ ಸಾಲಾಗಿ ನಡೆದರೆ ಎಲ್ಲರೂ ಹೂತುಹೋಗುತ್ತಾರೆ. ಅಗೆಯಲು ಯಾರೂ ಉಳಿಯುವುದಿಲ್ಲ.

ಸೈನಿಕನಿಗೂ ಚಾರಣಿಗನಿಗೂ ಇಲ್ಲಿ ಒಂದು ದೊಡ್ಡ ಅಂತರವಿದೆ. ಸೈನಿಕ ತನ್ನ ಠಾಣೆಯನ್ನು ಆರಿಸಿಕೊಳ್ಳುವುದಿಲ್ಲ. ಅವನಿಗೆ ಬೇಕಾದ ತಿಳಿವಳಿಕೆಯನ್ನು ಒದಗಿಸುವುದು ದೇಶದ ಹೊಣೆ. ಹಿಮಕುಸಿತಗಳ ಅಧ್ಯಯನಕ್ಕೆಂದೇ 1969ರಲ್ಲಿ ಮನಾಲಿಯಲ್ಲಿ ಒಂದು ರಕ್ಷಣಾ ಸಂಶೋಧನಾಲಯ ಹುಟ್ಟಿತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದೊಡನೆ ಸೇರಿ ಚಂಡೀಗಢದ ಹೊಸ ಸಂಸ್ಥೆಯಾಯಿತು. ಹಿಮಾಲಯದ ಆಯಾ ಪ್ರದೇಶಗಳಿಗೆ ಹಿಮಕುಸಿತದ ಮುನ್ಸೂಚನೆಯನ್ನು ಅದು ಹೊರಡಿಸುತ್ತದೆ. ಚಾರಣಿಗನಾದರೋ ಆರಿಸಿಕೊಳ್ಳಬಲ್ಲ. ಆದರೆ ಅವನ ಆಯ್ಕೆಯನ್ನು ಕಟ್ಟಿಹಾಕುವುದು ಹಲವು ವೇಳೆ ಬೆಟ್ಟವಲ್ಲ, ರಜೆಯ ಲೆಕ್ಕ. ಏಳು ದಿನದ ರಜೆ, ಮೊದಲೇ ಕಟ್ಟಿದ ಹಣ, ಕಾದಿರಿಸಿದ ರೈಲಿನ ಟಿಕೆಟ್ಟು, ಶಿಖರದ ಮೇಲೊಂದು ಛಾಯಾಚಿತ್ರ. ‘ಇಷ್ಟು ದೂರ ಬಂದೆವಲ್ಲ’ ಎಂಬ ಒಂದು ಮಾತು ಬೆಟ್ಟದಲ್ಲಿ ಹಿಮಕ್ಕಿಂತ ಅಪಾಯಕಾರಿ. ಇಳಿಜಾರಿಗೆ ನಮ್ಮ ರಜೆಯ ದಿನಗಳು ತಿಳಿಯವು.

ಇಂದು ಶಿವಮೊಗ್ಗ ಭದ್ರಾವತಿಗಳ ಮನೆಗಳಿಂದಲೂ ಮಕ್ಕಳು ಕೇದಾರಕಾಂಠದಂಥ ಬೆಟ್ಟಗಳಿಗೆ ಚಳಿಗಾಲದಲ್ಲೇ ಹೊರಡುವ ಕಾಲ. ಹೋಗಬೇಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಿಮವನ್ನು ಕಂಡು ಬಂದ ಕಣ್ಣು ಹಿಗ್ಗುತ್ತದೆ. ಆದರೆ ಹೊರಡುವವರನ್ನು ಮನೆಯವರು ಸ್ವೆಟರು ಇಟ್ಟುಕೊಂಡೆಯಾ ಎಂದು ಕೇಳುವಂತೆಯೇ ಇನ್ನು ಕೆಲವು ಪ್ರಶ್ನೆಗಳನ್ನೂ ಕೇಳಲಿ. ಕಳೆದ ಮೂರು ದಿನಗಳಲ್ಲಿ ಅಲ್ಲಿ ಎಷ್ಟು ಹಿಮ ಬಿತ್ತು? ನೀವು ಹೋಗುವ ದಾರಿಯ ಮೇಲುಗಡೆ ಯಾವ ಇಳಿಜಾರಿದೆ? ಮುಂದಾಳು ಹಿಮವನ್ನು ಓದಬಲ್ಲನೆ? ಸಲಿಕೆ ಎಷ್ಟು ಮಂದಿಯಲ್ಲಿದೆ? ಎಲ್ಲಕ್ಕಿಂತ ಮುಖ್ಯವಾಗಿ, ಹವೆ ಕೆಟ್ಟರೆ ಅರ್ಧ ದಾರಿಯಿಂದ ಹಿಂದಿರುಗಲು ನಿಮ್ಮಲ್ಲಿ ಎರಡು ದಿನ ಹೆಚ್ಚಿಗೆ ಇದೆಯೆ? ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಹೊರಡುವ ದಿನವನ್ನೇ ಮುಂದೂಡುವುದು ಮೇಲು.

ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಮೊದಲು ಮಾತುಗಳು ಬೇಕು. ಬೀಳುವುದು ಹಿಮಪಾತ, ಕಳಚುವುದು ಹಿಮಕುಸಿತ, ಬೀಸುವುದು ಹಿಮಗಾಳಿ, ಮುರಿಯುವುದು ನೀರ್ಗಲ್ಲು. ಸದ್ಯಕ್ಕೆ ಈ ನಾಲ್ಕು ಸಾಕು. ಪತ್ರಿಕೆಯವರು ಇವನ್ನು ಬೇರೆ ಬೇರೆಯಾಗಿ ಬಳಸಲಿ, ಉಪಾಧ್ಯಾಯರು ಭೂಗೋಳದ ಪಾಠದಲ್ಲಿ ಬಿಡಿಸಿ ಹೇಳಲಿ. ಮಳೆಗೆ ನೂರು ಹೆಸರಿಟ್ಟ ಜನ ನಾವು. ಮಕ್ಕಳು ನಡೆಯುವ ನೆಲ ದೂರವಾದಷ್ಟೂ ನಮ್ಮ ಮಾತೂ ಅಷ್ಟು ದೂರ ಹೋಗಿ ಅವರನ್ನು ಕಾಯಬೇಕಾಗುತ್ತದೆ. ಬೆಟದೂರಿನವರಿಗೂ ತೇಜೂರಿನವರಿಗೂ ಎಚ್.ಡಿ. ಕೋಟೆಯವರಿಗೂ ಹಿಮವೆಂಬುದು ದೂರದ ಕಾವ್ಯವಸ್ತುವಾಗಿ ಇಂದು ಉಳಿದಿಲ್ಲ. ಅದು ಅವರ ಊರಿನ ಚರಿತ್ರೆಯೊಳಗೆ ಸೇರಿಹೋಗಿದೆ. ನಮ್ಮ ಊರುಗಳಿಗೆ ಅದು ದುಃಖದ ದಾರಿಯಿಂದ ಬಾರದೆ ತಿಳಿವಿನ ದಾರಿಯಿಂದ ಬರಲಿ.